ನಡುವೆ ಯಾರೂ ಬ್ಯಾಡ ಅಂದ ಅಕ್ಕ

ಟಿ. ನರಸೀಪುರದ ಬಸ್‌ಸ್ಟ್ಯಾಂಡ್ ಎದುರಿಗೆ ಅಕ್ಕನ ಫ್ಲೆಕ್ಸ್ ಕಟ್ಟಿದ್ದರು. ಸುತ್ತ ಹೂವಿನ ಚೌಕಟ್ಟು, ಎರಡೂ ಕಡೆ ದೀಪ, ನಡುವೆ ಅಕ್ಕನ ಫೋಟೋ. ಅದರಡಿಗೆ 'ಶಾಂತ ಸ್ವಭಾವದ, ಮೃದು ಮಾತಿನ ನಿವೃತ್ತ ಬೋಧಕಿಗೆ ಭಾವಪೂರ್ಣ ಶ್ರದ್ಧಾಂಜಲಿ' ಅಂತ ಬರೆಸಿದ್ದರು. ಬಸ್ಸಿಳಿದವಳು ಅಲ್ಲೇ ನಿಂತುಬಿಟ್ಟೆ. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಯಾರ್ರೀ ಹೇಳಿದ್ದು ಶಾಂತ ಸ್ವಭಾವ ಅಂತ? ಯಾವತ್ತು ನೋಡಿದ್ರಿ ನೀವು ಆ ಶಾಂತಿಯನ್ನ? ಸತ್ತವರು ಎದ್ದು ಬಂದು ಜಗಳ ಆಡಲ್ಲ ಅನ್ನೋ ಧೈರ್ಯಕ್ಕೆ ಏನು ಬೇಕಾದರೂ ಬರೆಸೋದಾ? ಅಕ್ಕ ಬದುಕಿದ್ದಿದ್ದರೆ ಏಣಿ ತರಿಸಿ ಆ ಫ್ಲೆಕ್ಸನ್ನ ತಾವೇ ಹತ್ತಿ ಕೀಳೋರು. ನಾನು ಇದನ್ನ ಬರೀತಾ ಇರೋದೇ ಅದಕ್ಕೆ.

ನಾನು ದೇವನೂರಿನ ಅಂಗನವಾಡಿ ಟೀಚರ್. ಬಾಯಿ ಜೋರು ಅಂತ ನನಗೂ ಹೆಸರಿದೆ. ಆದರೆ ಅಕ್ಕನ ಮುಂದೆ ನಾನು ಮೂಗಿ. ಅವರು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ರಿಟೈರ್ ಆಗಿ ನರಸೀಪುರದಲ್ಲಿ ಒಬ್ಬರೇ ಇದ್ದರು. ಕುಳ್ಳಗಿನ ಆಳು, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿರೋದು, ಬ್ಯಾಗಲ್ಲಿ ಬಾಚಣಿಗೆ ಮರೆತರೂ ಟೆಸ್ಟರ್ ಮರೆಯೋರಲ್ಲ. ಅಷ್ಟು ವರ್ಷ ಪಾಠ ಮಾಡಿದ್ದರೂ ಮಾತು ಮಾತ್ರ ಹುಟ್ಟಿದ ಕೇರಿಯದೇ. "ನಮ್ಮವ್ವ ಕಲ್ಸಿದ್ ಮಾತು ಕಣವ್ವ, ಯಾರ್‌ಗೋಸ್ಕರ ಬದ್ಲಾಯಿಸ್ಲಿ?" ಅನ್ನೋರು. ಮೇಡಂ ಅಂದರೆ ಉರಿದು ಬೀಳೋರು. "ಮೇಡಂ ಅಂದ್ರೆ ನಾನು ಕೂತ್ಕಬೇಕು, ನೀನು ನಿಂತ್ಕಬೇಕು. ಅಕ್ಕ ಅನ್ನು, ಇಬ್ರೂ ಕೂತ್ಕಳನ." ಹಾಗಾಗಿ ನಮಗೆಲ್ಲ ಅವರು ಅಕ್ಕ.

ಅವರ ಮೃದು ಮಾತು ಎಂಥದ್ದು ಅಂತ ಒಂದು ಹೇಳ್ತೀನಿ ಕೇಳಿ. ಒಂದೂರಿನ ಟೀ ಅಂಗಡಿಗೆ ಹೋಗಿದ್ದೆವು. ಊರಿನ ಹೆಸರು ಬೇಡ, ಅಂಥ ಅಂಗಡಿಗೇನು ಬರವಿಲ್ಲ. ಒಳಗೆ ಬೆಂಚಿನ ಮೇಲೆ ಕೂತಿದ್ದವರ ಕೈಯಲ್ಲಿ ಸ್ಟೀಲ್ ಲೋಟ. ನಮಗೆ ಪೇಪರ್ ಕಪ್ಪು ಬಂತು. ನಾನು ಸುಮ್ಮನೆ ಕೈ ಚಾಚಿದೆ. ಅಕ್ಕ ಚಾಚಲಿಲ್ಲ.

"ಯಾಕಪ್ಪ, ಸ್ಟೀಲ್ ಲೋಟ ಖಾಲಿ ಆದ್ವಾ?"

"ಇದೇ ಕ್ಲೀನು ಮೇಡಂ, ಕೊರೊನಾ ಬಂದ್ಮೇಲೆ ಎಲ್ಲ ಕಡೆ ಪೇಪರ್ರೇ ಅಲ್ವಾ," ಅಂದ ಅಂಗಡಿಯವನು.

"ಕೊರೊನಾ ನಂಗೊಬ್ಳಿಗೇ ಬಂದಿತ್ತಾ? ಅವ್ರಿಗೂ ಪೇಪರ್ರಲ್ಲೇ ಕೊಡು. ಇಲ್ವಾ, ನಂಗೂ ಸ್ಟೀಲಲ್ಲಿ ಕೊಡು. ನಾನೇನ್ ಅರ್ಜೆಂಟಲ್ಲಿಲ್ಲ."

ಅವನು ನಮ್ಮನ್ನ ನೋಡಿದ, ಬೆಂಚಿನವರನ್ನ ನೋಡಿದ, ಕೊನೆಗೆ ಸ್ಟೀಲ್ ಲೋಟದಲ್ಲೇ ಕೊಟ್ಟ. ಅಕ್ಕ ನಿಧಾನವಾಗಿ, ಆರಿಸಿಕೊಂಡು ಆರಿಸಿಕೊಂಡು ಕುಡಿದರು. ಬೇರೆಯವರ ಲೋಟಗಳ ಮಧ್ಯಕ್ಕೇ ತಮ್ಮ ಲೋಟ ಇಟ್ಟು "ಟೀ ಚೆನ್ನಾಗದೆ ಕಣಪ್ಪ" ಅಂದರು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಬೇಕು ಅಂತಲೇ ಅಲ್ಲಿ ಇಳಿದು ಟೀ ಕುಡಿದೇ ಮುಂದಿನ ಬಸ್ಸು ಹತ್ತೋರು. ಬರಬರುತ್ತಾ ಅಂಗಡಿಯವನೇ "ಬನ್ನಿ ಅಕ್ಕ" ಅನ್ನೋ ಹಾಗಾಯಿತು.

ನಮ್ಮನ್ನ ಒಟ್ಟಿಗೆ ತಂದದ್ದು ಓದೋ ಮನೆ. ದೇವನೂರು, ಹುಲ್ಲಹಳ್ಳಿ, ಮುಡುಕುತೊರೆ, ಮೂರೂರಲ್ಲೂ ನಮ್ಮ ಕೇರಿಯ ಜನ ಒಂದೊಂದು ಓದೋ ಮನೆ ಮಾಡಿಕೊಂಡಿದ್ದೆವು. ಗೋಡೆಗೊಂದು ಬುದ್ಧನ ಪಟ, ಒಂದಷ್ಟು ಪುಸ್ತಕ, ಮೈಸೂರಿನ ಒಂದು ಟ್ರಸ್ಟ್‌ನವರು ಕೊಟ್ಟ ಹಳೇ ಕಂಪ್ಯೂಟರ್. ದೇವನೂರಿನದನ್ನ ನಾನು ನೋಡಿಕೊಳ್ತಿದ್ದೆ. ಹುಲ್ಲಹಳ್ಳಿಯದನ್ನ ಅಲ್ಲಿನ ಹಾಲಿನ ಡೈರಿಯ ಸೆಕ್ರೆಟರಿ, ಮುಡುಕುತೊರೆಯದನ್ನ ಒಬ್ಬ ಟೈಲರ್ ಅಣ್ಣ. ಅಕ್ಕನ ಯೋಚನೆ ಏನಪ್ಪಾ ಅಂದರೆ, ಊರಿನ ಮುದುಕಮುದುಕಿಯರು ತಮ್ಮ ಕಾಲದ್ದು ಹೇಳೋದನ್ನ ರೆಕಾರ್ಡ್ ಮಾಡಿ ಆಯಾ ಊರಿನ ಕಂಪ್ಯೂಟರಿನಲ್ಲೇ ಇಡಬೇಕು, ಮಿಕ್ಕ ಊರಿನವರು ತಮ್ಮೂರಲ್ಲೇ ಕೂತು ಕೇಳಬೇಕು.

ನಮ್ಮವ್ವನದೂ ರೆಕಾರ್ಡ್ ಆಗಿತ್ತು. ಆದ ಮಾರನೇ ವರ್ಷ ಅವ್ವ ಹೋಗಿಬಿಟ್ಟಳು. ಅವಳದು ಅಂತ ನನ್ನ ಹತ್ತಿರ ಉಳಿದಿರೋದು ಎರಡು ಸೀರೆ, ಆ ದನಿ. ವಯಸ್ಸಿನಲ್ಲಿ ಅವ್ವ ನಾಲೆ ಬಯಲಿಗೆ ನಾಟಿ ಕೂಲಿಗೆ ಹೋಗೋಳು. ಅಲ್ಲಿ ನಡೆದದ್ದನ್ನ ನಗ್ತಾ ನಗ್ತಾ ಹೇಳಿದ್ದಾಳೆ. "ನೀರು ಕೇಳುದ್ರೆ ಬದು ಮೇಲೆ ನಿಂತ್ಕಂಡು ಮೇಲಿಂದ ಉಯ್ಯೋರು ಕಣವ್ವ. ನಾವು ಬೊಗಸೆ ಒಡ್ಕಂಡು ಕುಡೀಬೇಕು. ಅರ್ಧ ನೀರು ಮೊಣಕೈಲೇ ಸೋರೋದು. ಅವತ್ತು ನಂಗೆ ಅದೇನ್ ಬಂತೋ! ಪೈರಿನ ಕಂತೆ ಕೆಳಗಾಕಿ ಕೂತ್ಬುಟ್ಟೆ. ಲೋಟ ಕೊಡ್ರಿ, ಇಲ್ದಿದ್ರೆ ಪೈರು ಒಣಗ್ಲಿ ಅಂದೆ." ಜೊತೆಗಿದ್ದ ಹೆಂಗಸರೂ ಕೂತರಂತೆ. ಬಿಸಿಲೇರಿ ಪೈರು ಬಾಡೋದಕ್ಕೆ ಶುರುವಾದ ಮೇಲೆ ಮನೆಯಿಂದ ಹಿತ್ತಾಳೆ ಲೋಟ ಬಂತಂತೆ. ಅವ್ವ ಆ ಗದ್ದೆಯ ಯಜಮಾನರ ಹೆಸರನ್ನ ಅಪ್ಪನ ಹೆಸರು ಸೇರಿಸಿ ಸ್ಪಷ್ಟವಾಗಿ ಹೇಳಿದ್ದಾಳೆ.

ತೊಂದರೆ ಬಂದದ್ದು ಆ ಹೆಸರಿಂದಲೇ. ಟ್ರಸ್ಟ್‌ನ ಸಂಯೋಜಕರು ಒಬ್ಬರು ಕಾರಿನಲ್ಲಿ ಬಂದು ನಮ್ಮನ್ನೆಲ್ಲ ಕೂರಿಸಿಕೊಂಡರು. ಒಳ್ಳೇ ಮಾತಿನವರು, ಶುದ್ಧ ಕನ್ನಡ.

"ನೋಡಿ ಮೇಡಂ, ಆ ಯಜಮಾನರ ಮೊಮ್ಮಕ್ಕಳು ಈಗ ನಮ್ಮ ಟ್ರಸ್ಟಿಗೆ ತುಂಬ ಸಹಾಯ ಮಾಡ್ತಿದ್ದಾರೆ. ಹಳೆಯ ಗಾಯ ಯಾಕೆ ಕೆರೆಯೋದು? ಎಲ್ಲ ರೆಕಾರ್ಡಿಂಗ್ ನಮ್ಮ ಮೈಸೂರಿನ ಸರ್ವರಿಗೆ ಕೊಡಿ. ಒಂದು ಸಮಿತಿ ಕೇಳಿ, ಬೇಡದ್ದನ್ನ ತೆಗೆದು, ಚೆನ್ನಾಗಿ ಇಡ್ತೀವಿ."

"ಗಾಯ ಯಾರುದು ಸಾ?" ಅಂದರು ಅಕ್ಕ.

ಅವರು ಒಂದು ಕರಾರು ಹಾಕಿದರು. ನಿಮ್ಮ ಊರುಗಳ ಕಂಪ್ಯೂಟರುಗಳು ಒಂದಕ್ಕೊಂದು ಕನೆಕ್ಟ್ ಆಗಿ ನಡೀತಾ ಇದ್ದರೆ ಇಟ್ಟುಕೊಳ್ಳಿ. ಬುದ್ಧ ಪೂರ್ಣಿಮೆ ಕಳೆದ ಮೇಲೆ ಬಂದು ನೋಡ್ತೀವಿ, ಅಷ್ಟರಲ್ಲಿ ಆಗದಿದ್ದರೆ ಕಂಪ್ಯೂಟರ್ ನಮ್ಮದು, ಒಳಗಿರೋದೆಲ್ಲ ನಮ್ಮ ಸರ್ವರಿಗೆ ಹೋಗುತ್ತೆ ಅಂದರು. ಅವ್ವನ ದನಿಯಿಂದ ಆ ಲೋಟವನ್ನೇ ಕತ್ತರಿಸಿಬಿಡ್ತಾರೆ ಅಂತ ನಾನು ಜಗಳಕ್ಕೇ ಎದ್ದೆ. ಅಕ್ಕ ನನ್ನ ಕೈ ಹಿಡಿದು ಅವರಿಗೇ ಕೇಳೋ ಹಾಗೆ ಅಂದರು. "ಅದೆಂಗ್ ಕತ್ತರಿಸ್ತಾರೋ ನಾನೂ ನೋಡ್ತೀನಿ."

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಎಲ್ಲೋ ಒಂದು ದೊಡ್ಡ ಕಂಪ್ಯೂಟರ್ ಇರುತ್ತೆ, ಅದೇ ಸರ್ವರ್. ಎಲ್ಲರೂ ಅದರ ಬಾಗಿಲಿಗೆ ಹೋಗಿಯೇ ಕೇಳಬೇಕು, ಅದು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಕ್ಕ ಅದಕ್ಕಿಟ್ಟಿದ್ದ ಹೆಸರು ದೊಡ್ಮನೆ. "ಈ ಜನ್ಮಕ್ಕೆ ಸಾಕಾಗೋವಷ್ಟು ದೊಡ್ಮನೆ ಬಾಗ್ಲು ಕಾದಿವ್ನಿ. ನಡುವೆ ಯಾರೂ ಬ್ಯಾಡ ಕಣವ್ವ. ನಿಮ್ಮೂರಿಂದ ನಮ್ಮೂರ್‌ಗೆ ನೆಟ್ಟಗೆ." ದೊಡ್ಮನೆ ಇಲ್ಲದೆ ಕಂಪ್ಯೂಟರುಗಳೇ ಒಂದಕ್ಕೊಂದು ಸಮಸಮನಾಗಿ ಮಾತಾಡೋ ಒಂದು ಏರ್ಪಾಡು ಇದೆ. ಬೇರೆ ಬೇರೆ ಊರಲ್ಲಿದ್ದರೂ ಒಂದೇ ಕೋಣೆಯಲ್ಲಿ ಒಂದೇ ವೈರಿಗೆ ಸಿಕ್ಕಿಸಿದ ಹಾಗೆ ನಡೆಯುತ್ತೆ. ಅಕ್ಕ ಮಾಡಿದ್ದು ಅದನ್ನ, ನರಸೀಪುರದ ತಮ್ಮ ಮನೆಯ ಕಂಪ್ಯೂಟರನ್ನೂ ಸೇರಿಸಿಕೊಂಡು.

ಮಾಡೋದೇನೋ ಮಾಡಿದರು, ನಡೀಬೇಕಲ್ಲ! ಅಕ್ಕನ ಮನೆಯಲ್ಲಿ ಕೂತು ನೋಡಿದರೆ ಒಂದು ಹೊತ್ತಿಗೆ ಒಂದೇ ಊರು ಕಾಣೋದು. ಹುಲ್ಲಹಳ್ಳಿ ಎದ್ದರೆ ಮುಡುಕುತೊರೆ ಬೀಳೋದು, ಮುಡುಕುತೊರೆ ಎದ್ದರೆ ದೇವನೂರು ಬೀಳೋದು. ಹುಲ್ಲಹಳ್ಳಿ ಕಡೆ ಕಬ್ಬು ಆಳೆತ್ತರ ಬೆಳೆದು ಸಿಗ್ನಲ್ ತಡೀತಾ ಇದೆ ಅಂದ ಟೈಲರ್ ಅಣ್ಣ. ಮುಡುಕುತೊರೆ ಬೆಟ್ಟವೇ ಅಡ್ಡ ಇರೋವಾಗ ನಮ್ಮ ಕಬ್ಬಿನ ಮೇಲೆ ಯಾಕ್ರೀ ಹಾಕ್ತೀರಿ ಅಂದರು ಸೆಕ್ರೆಟರಿ. ಅವರು ಇವರ ಮೇಲೆ, ಇವರು ಅವರ ಮೇಲೆ. ಮಧ್ಯೆ ನಾನು ಇಬ್ಬರ ಮೇಲೂ ರೇಗಿದೆ. ಪೂರ್ಣಿಮೆ ಹತ್ತಿರ ಬರ್ತಾ ಇತ್ತು, ಕತ್ತರಿ ಬೀಳೋದು ನಮ್ಮವ್ವನ ಮಾತಿಗೆ ತಾನೆ!

ಅಕ್ಕ ಬಸ್ ಹತ್ತಿ ಊರಿಂದೂರಿಗೆ ತಿರುಗಿದರು. ಯಾವ ಊರಿಗೆ ಬಂದರೂ ಮೊದಲ ಪ್ರಶ್ನೆ ಒಂದೇ. "ಕೊನೇಲಿ ಏನ್ ಮುಟ್ದೆ? ಸುಳ್ಳ್ ಏಳ್ಬ್ಯಾಡ." ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಕೇಬಲ್ ಬದಲಾಯಿಸಿದರೆ ಅವತ್ತು ಸಿಮ್ ಮುಟ್ಟೋ ಹಾಗಿಲ್ಲ, ಸಿಮ್ ಬದಲಾಯಿಸಿದರೆ ಮೋಡೆಮ್ ಮುಟ್ಟೋ ಹಾಗಿಲ್ಲ. "ಎಲ್ಲಾನೂ ಒಟ್ಗೆ ಕೆದಕಿ ಸರಿ ಓಯ್ತು ಅಂದ್ರೆ, ಯಾವ್ದರಿಂದ ಸರಿ ಓಯ್ತು ಅಂತ ನಿಮ್ಮಪ್ಪ ಏಳ್ತಾನಾ?" ಅಂತ ಸೆಕ್ರೆಟರಿಗೆ ಬೈದರು. ಅವರ ಅಪ್ಪ ಅಲ್ಲೇ ಜಗಲಿ ಮೇಲೆ ಕೂತಿದ್ದರು. ಅವರೂ ನಕ್ಕರು.

ಒಂದು ಬೆಳಗ್ಗೆ ಮೂವರನ್ನೂ ಫೋನಿನಲ್ಲಿ ಒಟ್ಟಿಗೆ ಹಿಡಿದುಕೊಂಡು ಪರದೆ ಮೇಲೆ ಕಾಣೋ ಗುರುತು ಓದಿ ಅಂದರು. ಈ ಏರ್ಪಾಡಿನಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ಒಂದು ಉದ್ದನೇ ಗುರುತು ಇರುತ್ತೆ, ಆಧಾರ್ ಥರ. ಟೈಲರ್ ಅಣ್ಣ ಓದಿದ. ಸೆಕ್ರೆಟರಿ ಓದೋದಕ್ಕೆ ಶುರು ಮಾಡಿ "ಅಯ್ಯೋ, ಇದೂ ಅದೇ ಅಲ್ವಾ" ಅಂದರು. ನಾನು ನೋಡಿದೆ, ನಮ್ಮದೂ ಅದೇ.

ಫೋನಿನಲ್ಲಿ ಅಕ್ಕನ ನಗು ಬಂತು, ಕೆಮ್ಮು ಬರೋವಷ್ಟು ನಗು.

ಆಗಿದ್ದು ಇಷ್ಟು. ಶುರುವಿನಲ್ಲಿ ಕಂಪ್ಯೂಟರುಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕೋಣ ಅಂದಿದ್ದೆವು. ಅಕ್ಕ ಬಿಡಲಿಲ್ಲ. ಒಂದು ಅನ್ನಿಸಿಕೊಂಡ ಊರು ನಾಳೆ ಮೇಲೆ ಕೂರುತ್ತೆ, ಮೂರನೆಯದು ಕೆಳಗೆ ಕೂರುತ್ತೆ, ನಮಗೇ ಆ ರೋಗ ಬರೋದು ಬೇಡ ಅಂದರು. ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಇರಲಿ ಅಂತ ದೇವನೂರಿನ ಕಂಪ್ಯೂಟರನ್ನ ಪೂರ್ತಿ ತಯಾರು ಮಾಡಿ, ಅದರ ಡಿಸ್ಕನ್ನೇ ಮಿಕ್ಕ ಎರಡಕ್ಕೂ ನಕಲು ಹೊಡೆದಿದ್ದರು. ಪ್ರೋಗ್ರಾಮಿನ ಜೊತೆಗೆ ಗುರುತೂ ನಕಲಾಗಿತ್ತು. ಮೂರೂರೂ ನಾನೇ ದೇವನೂರು ಅಂತ ಹೇಳ್ತಿದ್ದವು, ಹಾಗಾಗಿ ಒಂದು ಬಂದರೆ ಇನ್ನೊಂದನ್ನ ತಳ್ಳೋದು.

"ಸಮ ಮಾಡ್ತೀನಿ ಅಂತ ಓಗಿ ಎಲ್ರುಗೂ ಒಂದೇ ಮೂತಿ ಮಾಡ್ಬುಟ್ಟೆ ಕಣವ್ವ," ಅಂದರು ಅಕ್ಕ. "ಸಮ ಅಂದ್ರೆ ಅದಲ್ಲ. ಅವ್ರವ್ರ್ ಮುಖ ಅವ್ರವ್ರ್‌ಗೇ ಇರ್ಬೇಕು. ಇಷ್ಟ್ ವರ್ಸ ಬಾಯ್ ಬಡ್ಕಂಡವಳು ಇದೊಂದ್ನೇ ಮರ್ತೆ ನೋಡು." ಅವತ್ತೇ ಫೋನಿನಲ್ಲೇ ಹೇಳಿಕೊಟ್ಟು ಮೂರಕ್ಕೂ ಹಳೇ ಗುರುತು ಅಳಿಸಿ ಬೇರೆ ಬೇರೆ ಗುರುತು ಹುಟ್ಟಿಸಿದರು. ನನ್ನ ಫೋನಿಗೂ ಅದರದೇ ಒಂದು ಬೇರೆ ಗುರುತು ಕೊಟ್ಟು ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂರೂ ಊರು ಒಟ್ಟಿಗೆ ಕಂಡವು. ಮುಡುಕುತೊರೆಯಲ್ಲಿ ಕೂತು ಟೈಲರ್ ಅಣ್ಣ ನಮ್ಮವ್ವ ಲೋಟ ಕೇಳಿದ್ದನ್ನ ಕೇಳಿಸಿಕೊಂಡ.

ಪೂರ್ಣಿಮೆ ಆದ ಮೇಲೆ ಸಂಯೋಜಕರು ಬಂದರು, ದೇವನೂರಿನಲ್ಲೇ ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಎಲ್ಲ ಸರಿಯಾಗಿ ನಡೀತಿತ್ತು. ನಾನು ಕಾಫಿ ಕೊಡೋದಕ್ಕೆ ಎದ್ದೆ. ಅಷ್ಟರಲ್ಲಿ ನರಸೀಪುರದಲ್ಲಿ ಕರೆಂಟ್ ಹೋಯಿತು, ಅಕ್ಕನ ಮನೆಯ ಕಂಪ್ಯೂಟರ್ ನಿಂತಿತು. ಅದು ನಿಂತದ್ದೇ ತಡ, ಇಲ್ಲಿ ಮುಡುಕುತೊರೆಯೂ ಹೋಯಿತು, ಹುಲ್ಲಹಳ್ಳಿಯೂ ಹೋಯಿತು.

ಸಂಯೋಜಕರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು. "ಅಂದರೆ ಎಲ್ಲ ನಿಮ್ಮ ಮನೆ ಹಾದು ಹೋಗ್ತಿದೆ ಮೇಡಂ. ಈಗ ನೀವೇ ಸರ್ವರ್. ನಾಳೆ ನೀವಿಲ್ಲದಿದ್ದರೆ? ಇರಲಿ ಬಿಡಿ, ನೀವು ಇರೋವರೆಗೂ ನಡೀಲಿ. ಆಮೇಲೆ ನಮಗೆ ಕೊಡಿ."

ಕರಾರಿನ ಪ್ರಕಾರ ನಾವು ಗೆದ್ದಿದ್ದೆವು. ನನಗೆ ಅಷ್ಟು ಸಾಕಿತ್ತು. ಅಕ್ಕನ ಮುಖ ಮಾತ್ರ ಕಪ್ಪಿಟ್ಟಿತು. ಆ ಮಾತು ಅವರಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು. ಬಸ್‌ಸ್ಟಾಪಿನವರೆಗೂ ದಡದಡ ನಡೆದು, ಬಸ್ಸು ಕಾಣಿಸಿದಾಗ ನಿಂತರು.

"ನಾನೇ ದೊಡ್ಮನೆ ಆಗ್ಬುಟ್ನಲ್ಲವ್ವ. ಆ ಮನ್ಸ ಏಳಿದ್ದು ನಿಜ."

"ಬಿಡಕ್ಕ, ನೀನೇನ್ ಕತ್ತರಿಸ್ತೀಯಾ ನಮ್ಮವ್ವನ ಮಾತ್ನ?"

"ನಾನು ಕತ್ತರ್ಸಲ್ಲ. ಕತ್ತರ್ಸೋ ಜಾಗ್ದಲ್ಲಿ ಕೂತಿವ್ನಲ್ಲ, ಅದೇ ತಪ್ಪು. ನಾನ್ ಸತ್ರೂ ನಿಮ್ಮವ್ವ ಮಾತಾಡ್ಬೇಕು ಕಣೇ."

ಅಕ್ಕ ಮತ್ತೆ ಬಸ್ ಹತ್ತಿದರು. ತೊಂದರೆ ಎಲ್ಲಿತ್ತು ಅಂತ ನನಗೆ ವಿವರಿಸಿದ್ದು ಹೀಗೆ. ನಮ್ಮ ಮೋಡೆಮ್ಮುಗಳು ಒಳಗಿನಿಂದ ಹೊರಗೆ ಹೋಗೋ ಮಾತನ್ನ ಬಿಡ್ತವೆ, ಹೊರಗಿನಿಂದ ತಾನಾಗಿ ಬರೋ ಮಾತನ್ನ ಬಿಡಲ್ಲ. ಮುಡುಕುತೊರೆಯ ಸಿಮ್‌ನಲ್ಲಂತೂ ಊರೂರನ್ನೇ ಒಂದು ಬಾಗಿಲ ಹಿಂದೆ ಕೂರಿಸಿರ್ತಾರೆ, ನಮ್ಮ ಬಾಗಿಲು ಯಾವುದು ಅಂತಲೇ ಹೊರಗಿನವರಿಗೆ ಗೊತ್ತಾಗಲ್ಲ. ಹಾಗಾಗಿ ಎಲ್ಲವೂ ಬಾಗಿಲು ತೆರೆದಿದ್ದ ಅಕ್ಕನ ಮನೆಗೆ ಬಂದು ಅಲ್ಲಿಂದ ಮುಂದಕ್ಕೆ ಹೋಗ್ತಿದ್ದವು. ಆದರೆ ಈಗ ಇಂಟರ್ನೆಟ್ಟಿಗೆ ಹೊಸ ಬಗೆಯ ವಿಳಾಸ ಬಂದಿದೆಯಂತೆ, ಅದರಲ್ಲಿ ಪ್ರತಿ ಕಂಪ್ಯೂಟರಿಗೂ ಅದರದೇ ಬಾಗಿಲು. ನಮ್ಮ ಮೋಡೆಮ್ಮುಗಳಲ್ಲಿ ಅದನ್ನ ಆಫ್ ಮಾಡಿ ಇಟ್ಟಿದ್ದರು, ಅಷ್ಟೇ.

ಮೂರೂರಿಗೂ ಹೋಗಿ ಅದನ್ನ ಆನ್ ಮಾಡಿದರು. ನಮ್ಮವರಿಗೆ ಮಾತ್ರ ಬಾಗಿಲು ತೆರೆಯೋ ಹಾಗೆ ಸೆಟ್ಟಿಂಗ್ ಮಾಡಿ, ಯಾವ ಎರಡು ಎದ್ದಿದ್ದರೂ ಒಂದನ್ನೊಂದು ಹುಡುಕಿಕೊಳ್ಳೋ ಹಾಗೆ ಬರೆದರು. ಹೇಳಿದಷ್ಟು ಸುಲಭ ಇರಲಿಲ್ಲ. ಒಂದು ಊರಲ್ಲಿ ಸರಿಹೋದರೆ ಇನ್ನೊಂದು ಊರಲ್ಲಿ ಮೋಡೆಮ್ ಮೊದಲಿನ ಸ್ಥಿತಿಗೆ ಹೋಗಿರೋದು. ಅಷ್ಟರಲ್ಲಿ ಅಕ್ಕನಿಗೆ ಉಸಿರಾಟದ ತೊಂದರೆ ಶುರುವಾಗಿತ್ತು. ಮುಡುಕುತೊರೆಯ ಓದೋ ಮನೆಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡ್ತಾ ಟೈಲರ್ ಅಣ್ಣನಿಗೆ ಬೈತಿದ್ದರಂತೆ. ಆಸ್ಪತ್ರೆಗೆ ಹೋಗಕ್ಕ ಅಂತ ಜಗಳ ಆಡಿದೆ. "ಓಯ್ತೀನಿ, ಇದೊಂದು ನೆಟ್ಟಗೆ ನಿಲ್ಲಲಿ" ಅಂದರು.

ಒಂದು ಸಂಜೆ ಫೋನ್ ಬಂತು. "ನಂದು ಆಫ್ ಮಾಡಿವ್ನಿ. ನಿಂಗೆ ಮುಡುಕುತೊರೆ ಕಾಣ್ತದಾ?"

"ಕಾಣ್ತದೆ ಅಕ್ಕ."

"ಉಲ್ಲಳ್ಳಿ?"

"ಅದೂ ಕಾಣ್ತದೆ."

"ನಾನಿಲ್ದೇನೂ ಆಯ್ತದೆ! ನಾನಿಲ್ದೇನೂ ಆಯ್ತದೆ ಕಣೇ!" ಲಾಟರಿ ಹೊಡೆದವರ ಹಾಗೆ ಕೂಗಿಕೊಂಡರು. ನಾನಿಲ್ಲದಿದ್ದರೆ ಏನೂ ನಡೆಯಲ್ಲ ಅಂತ ಎದೆ ಉಬ್ಬಿಸೋ ಜನರನ್ನ ಬೇಕಾದಷ್ಟು ನೋಡಿದ್ದೀನಿ. ತಾನು ಬೇಡವಾದದ್ದಕ್ಕೆ ಹೀಗೆ ಕುಣಿದವರನ್ನ ಇವರೊಬ್ಬರನ್ನೇ ನೋಡಿದ್ದು.

ಆಮೇಲೆ ಆಸ್ಪತ್ರೆಗೇನೋ ಸೇರಿದರು, ವಾಪಸ್ ಬರಲಿಲ್ಲ.

ಶ್ರದ್ಧಾಂಜಲಿ ಸಭೆ ನಡೆದದ್ದು ನರಸೀಪುರದ ಒಂದು ಹಾಲ್‌ನಲ್ಲಿ. ಪಂಚಶೀಲ ಹೇಳಿದ ಮೇಲೆ ಒಬ್ಬೊಬ್ಬರೇ ಮಾತಾಡಿದರು. ಸಂಯೋಜಕರೂ ಬಂದಿದ್ದರು. ಫ್ಲೆಕ್ಸ್ ಬರೆಸಿದ್ದು ಅವರೇ ಅಂತ ಆಗ ಗೊತ್ತಾಯಿತು. ಮೈಕ್ ಹಿಡಿದು "ಆ ಶಾಂತಮೂರ್ತಿಯ ಕೆಲಸ ಅವರೊಂದಿಗೇ ನಿಂತುಹೋಗಬಾರದು. ಇನ್ನು ಮುಂದೆ ಎಲ್ಲ ರೆಕಾರ್ಡಿಂಗ್ ನಮ್ಮ ಸರ್ವರಿನಲ್ಲಿ, ಅವರ ಹೆಸರಿನಲ್ಲೇ ಇರುತ್ತೆ" ಅಂದರು. ಜನ ಚಪ್ಪಾಳೆ ತಟ್ಟಿದರು. ಅವ್ವನ ಎರಡು ಸೀರೆ ಕಣ್ಣ ಮುಂದೆ ಬಂದವು. ಇನ್ನು ಉಳಿಯೋದು ಅವೇ ಏನೋ ಅನ್ನಿಸಿತು.

ಎದ್ದೆ. ವೇದಿಕೆಗೆ ಹೋಗಿ ಅವರ ಕೈಯಿಂದ ಮೈಕ್ ತೆಗೆದುಕೊಂಡು ನನ್ನ ಫೋನ್ ತೆಗೆದೆ. ಅಕ್ಕನ ಮನೆಗೆ ಬೀಗ ಬಿದ್ದಿತ್ತು, ನೆಂಟರು ಮೇನ್ ಸ್ವಿಚ್ಚೇ ಆಫ್ ಮಾಡಿಕೊಂಡು ಹೋಗಿದ್ದರು. ಅಕ್ಕ ಹೋದ ಮೇಲೆ ನಾನು ಒಂದು ಸಲವೂ ತೆಗೆದು ನೋಡಿರಲಿಲ್ಲ, ಮನಸ್ಸು ಬಂದಿರಲಿಲ್ಲ. ದೇವನೂರನ್ನ ಒತ್ತಿ, ಅವ್ವನ ರೆಕಾರ್ಡ್ ಆರಿಸಿ, ಫೋನಿಗೆ ಮೈಕ್ ಹಿಡಿದೆ. ಪರದೆ ಮೇಲೆ ಚಕ್ರ ಸುತ್ತೋದಕ್ಕೆ ಶುರುವಾಯಿತು. ಸುತ್ತುತ್ತಾನೇ ಇತ್ತು. ಸಂಯೋಜಕರು ಮೆಲ್ಲಗೆ "ಇರಲಿ ಬಿಡಿ ಟೀಚರ್, ಆಗಲ್ಲ ಅದು" ಅಂದರು.

ಹಾಲ್ ತುಂಬ ಅವ್ವನ ನಗು ಬಂತು. ಆಮೇಲೆ ಮಾತು. ಬದು, ಬೊಗಸೆ, ಮೊಣಕೈಲಿ ಸೋರೋ ನೀರು. "ಲೋಟ ಕೊಡ್ರಿ, ಇಲ್ದಿದ್ರೆ ಪೈರು ಒಣಗ್ಲಿ ಅಂದೆ." ಯಜಮಾನರ ಹೆಸರು ಬಂತು, ಅಪ್ಪನ ಹೆಸರು ಸಮೇತ. ಪೂರ್ತಿ ಮುಗಿಯೋವರೆಗೂ ನಿಲ್ಲಿಸಲಿಲ್ಲ ನಾನು.

ಮುಗಿದ ಮೇಲೆ ಸಂಯೋಜಕರ ಕಡೆ ತಿರುಗಿದೆ.

"ಅಕ್ಕನ ಮನೇಲಿ ಕರೆಂಟಿಲ್ಲ ಸಾ. ಅಕ್ಕನೂ ಇಲ್ಲ. ನಮ್ಮವ್ವ ದೇವನೂರಿಂದ ಮಾತಾಡ್ತಾವ್ಳೆ, ನೀವು ಇಲ್ಲಿ ಕೇಳ್ತಾ ಇದೀರ. ನಡುವೆ ಯಾರೂ ಇಲ್ಲ. ನಿಮ್ಮ ಸರ್ವರ್ ನಮಗೆ ಬ್ಯಾಡ. ಬಸ್‌ಸ್ಟ್ಯಾಂಡಲ್ಲಿ ಆ ಫ್ಲೆಕ್ಸ್ ಇದೆಯಲ್ಲ, ಅದನ್ನ ಮೊದಲು ಇಳಿಸಿ. ನಮ್ಮಕ್ಕ ಶಾಂತ ಸ್ವಭಾವದವಳಲ್ಲ."